ಮುಂದಿನ ಕೋಣೆಯ ಶಾಲೆ

ಮೊದಲು ಹೋದದ್ದು ಊಟದ ಮೇಜು. ಮರುದಿನ ಟೀವಿ ಗೋಡೆಯಿಂದ ಇಳಿದು ಮಂಚದ ಕೆಳಗೆ ಸೇರಿತು. ಮೂರನೆಯ ದಿನ, ಅಜ್ಜಿ ದಿನವಿಡೀ ಕೂತು ಬೀದಿ ನೋಡುವ ಬೆತ್ತದ ಕುರ್ಚಿಗೆ ಕಂಟಕ ಬಂತು.

"ಅದನ್ನ ಮುಟ್ಟಿದ್ರೆ ನೋಡು ಮತ್ತೆ," ಎಂದಳು ಅಜ್ಜಿ. "ಕುರ್ಚಿ ಜೊತೆ ನಾನೂ ಬೀದಿಗೆ ಹೋಗ್ತೀನಿ. ನಿಮ್ಮ ಶಾಲೆಗೆ ಅನ್ನ ಬೇಯಿಸೋರು ಯಾರು ಅಂತ ಆಮೇಲೆ ನೀವೇ ನೋಡ್ಕೊಳ್ಳಿ."

ಕುರ್ಚಿ ಎತ್ತಿದ್ದ ಮಗ ಅದನ್ನು ಇದ್ದಲ್ಲೇ ಇಳಿಸಿದ. ಊರಿನ ಕೆಟ್ಟ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡಿ ಮೇಲೆ ಕಳಿಸುವ ಮೆಕ್ಯಾನಿಕ್ ಅವನು. ಅಮ್ಮನ ಮುಂದೆ ಮಾತ್ರ ಯಾವಾಗಲೂ ನೆಲಮಹಡಿಯಲ್ಲೇ ಇರುತ್ತಿದ್ದ.

ಸೊಸೆ ಬಾಗಿಲಲ್ಲಿ ನಿಂತು ಬಣ್ಣದ ಕಾಗದ ಕತ್ತರಿಸುತ್ತಿದ್ದಳು. "ಇರಲಿ ಬಿಡಿ ಅತ್ತೆ, ನೀವು ಅಲ್ಲೇ ಕೂತ್ಕೊಳ್ಳಿ. ಮನೇಲಿ ಒಬ್ಬರು ಅಜ್ಜಿ ಇರ್ತಾರೆ ಅನ್ನೋದೂ ಮಕ್ಕಳಿಗೆ ಒಂದು ಪಾಠ."

"ನಾನು ಪಾಠ ಅಲ್ಲಮ್ಮ, ನಿನ್ನತ್ತೆ," ಎಂದು ಅಜ್ಜಿ ಕುರ್ಚಿಯನ್ನು ಕಿಟಕಿಯ ಕಡೆಗೆ ಇನ್ನೂ ಅರ್ಧ ಅಡಿ ಎಳೆದುಕೊಂಡಳು.

ಅಜ್ಜಿ ಬಿಸ್ಕತ್ತು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದವಳು. ಸೈರನ್ ಆದರೆ ಒಳಗೆ, ಸೈರನ್ ಆದರೆ ಹೊರಗೆ. ಕೆಲಸ ಎಂದರೆ ಕೆಲಸದ ಜಾಗದಲ್ಲಿ, ಮನೆ ಎಂದರೆ ಮನೆಯಲ್ಲಿ. ಶಾಲೆ ಎಂದರೂ ಅವಳ ಕಣ್ಣಿಗೆ ಒಂದು ಗೇಟು, ಒಂದು ಗಂಟೆ, ಸಾಲಾಗಿ ನಿಂತ ಮಕ್ಕಳು ಕಾಣಬೇಕು. ತಾನು ಸಂಜೆ ಕಾಲು ಚಾಚುವ ಕೋಣೆಯಲ್ಲಿ ನಾಲ್ಕು ಚಾಪೆ ಹಾಸಿ, ಅದಕ್ಕೆ ಶಾಲೆ ಎಂದು ಹೆಸರಿಡುವುದು ಅವಳಿಗೆ ಬಿಲ್ಕುಲ್ ಒಗ್ಗಲಿಲ್ಲ.

ಹಾಗೆಂದು ಇವರು ಸುಮ್ಮನೆ ಹುಚ್ಚು ಹತ್ತಿ ಹೊರಟವರಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ಎಲ್ಲ ಶುರುವಾದದ್ದು ಮೊಮ್ಮಗಳಿಂದ. ಎಂಟು ವರ್ಷದ ಆ ಹುಡುಗಿಗೆ ಪಿಟೀಲು ಎಂದು ಅಡ್ಡಹೆಸರಿಟ್ಟವಳು ಅಜ್ಜಿಯೇ, ಹುಟ್ಟಿದ ಮೂರು ತಿಂಗಳು ಒಂದೇ ರಾಗದಲ್ಲಿ ಕುಯ್ದದ್ದಕ್ಕೆ. ಅಂಥ ಪಿಟೀಲು ದೊಡ್ಡ ಶಾಲೆ ಸೇರಿದ ಎರಡು ವರ್ಷಕ್ಕೆ ಬಾಯಿಗೆ ಬೀಗ ಜಡಿದುಕೊಂಡಿತ್ತು. ಬೆಳಿಗ್ಗೆ ಯೂನಿಫಾರ್ಮ್ ಹಾಕಿದ ಕೂಡಲೇ ವಾಂತಿ. ವಿಚಾರಿಸಿದರೆ, ಏಳರ ಮಗ್ಗಿ ತಪ್ಪಿತೆಂದು ಮಗುವನ್ನು ಮೂರು ದಿನ ವರಾಂಡದಲ್ಲಿ ನಿಲ್ಲಿಸಿದ್ದರು. ಕೇಳಲು ಹೋದವರಿಗೆ "ಇಷ್ಟವಿಲ್ಲದಿದ್ದರೆ ಕರೆದುಕೊಂಡು ಹೋಗಿ" ಎಂಬ ಉತ್ತರ ಸಿಕ್ಕಿತು. ಎಂದೂ ದನಿಯೆತ್ತದ ಮೆಕ್ಯಾನಿಕ್ "ಆಯ್ತು, ಹೋಗ್ತೀವಿ" ಎಂದು ಮಗಳ ಕೈ ಹಿಡಿದು ಎದ್ದುಬಂದ. ಅದೇ ವಾರ ಸೊಸೆ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಬಿಟ್ಟಳು.

"ಇಷ್ಟು ದಿನ ಊರಿನವರ ರಕ್ತ ತೆಗೆದೆ. ಇನ್ನು ಮನೆಯವರದ್ದಾ?" ಎಂದಿದ್ದಳು ಅಜ್ಜಿ.

ಸೊಸೆ ನಕ್ಕಿದ್ದಳು. ಅತ್ತೆಯ ಬಾಯಿ ಅವಳಿಗೆ ಗೊತ್ತು, ಕೈಯೂ ಗೊತ್ತು. ಬೈಯುತ್ತ ಬೈಯುತ್ತಲೇ ಅಜ್ಜಿ ಅಟ್ಟದಿಂದ ದೊಡ್ಡ ಪಾತ್ರೆ ಇಳಿಸಿ ತೊಳೆದು ಬೋರಲು ಹಾಕಿಯಾಗಿತ್ತು.

ಐದು ಮಕ್ಕಳಿಂದ ಶುರುವಾದದ್ದು ಎರಡು ತಿಂಗಳಲ್ಲಿ ಪಿಟೀಲೂ ಸೇರಿ ಹನ್ನೊಂದಾಯಿತು. ಕಟಿಂಗ್ ಶಾಪಿನವನ ಇಬ್ಬರು ಹೆಣ್ಣುಮಕ್ಕಳು, ನರ್ಸಮ್ಮನ ಮಗ, ಹಾಲಿನ ಅಂಗಡಿಯವರ ಅವಳಿ, ಹೀಗೆ ಸುತ್ತಮುತ್ತಲಿನವೇ. ಪುಸ್ತಕ ಕಡಿಮೆ, ಕೈಕೆಲಸ ಹೆಚ್ಚು. ಒಂದು ದಿನ ಬೀದಿಯ ಅಗಲವನ್ನು ಹಗ್ಗ ಹಿಡಿದು ಅಳೆದರು. ಇನ್ನೊಂದು ದಿನ ಅಡುಗೆಮನೆಯ ಆಲೂಗಡ್ಡೆಯನ್ನೆಲ್ಲ ಹೊತ್ತೊಯ್ದು ತೂಗಿದರು.

"ಆಲೂಗಡ್ಡೆ ತೂಗೋಕೆ ಶಾಲೆ ಯಾಕೆ? ತರಕಾರಿ ಅಂಗಡಿಗೆ ಕಳಿಸಿದ್ರೆ ಸಂಬಳಾನೂ ಕೊಡ್ತಿದ್ರು," ಎಂದು ಅಜ್ಜಿ ಕುರ್ಚಿಯಿಂದಲೇ ಟೀಕೆ ಮಾಡುತ್ತಿದ್ದಳು. ಮಕ್ಕಳಿಗೆ ಅದೇ ಖುಷಿ. ಅವಳು ಏನಾದರೂ ಅನ್ನಲಿ ಎಂದೇ ಅವಳ ಕಡೆ ನೋಡುತ್ತಿದ್ದವು.

ಅಜ್ಜಿಯ ಬಾಯಿ ಸ್ವಲ್ಪ ತಗ್ಗಿದ್ದು ಕಟಿಂಗ್ ಶಾಪಿನವನ ದೊಡ್ಡ ಮಗಳಿಂದ. ಹತ್ತು ವರ್ಷದ ಹುಡುಗಿ, ಹಿಂದಿನ ಶಾಲೆಯಲ್ಲಿ ದಡ್ಡಿ ಎನ್ನಿಸಿಕೊಂಡು ಕೊನೆಯ ಬೆಂಚಿನಲ್ಲಿ ಬೇರು ಬಿಟ್ಟವಳು, ಒಂದಕ್ಷರ ಓದುತ್ತಿರಲಿಲ್ಲ. ಒಂದು ಮಧ್ಯಾಹ್ನ ಅಜ್ಜಿ ಬಿ.ಪಿ. ಮಾತ್ರೆ ನುಂಗಲು ಹೊರಟಾಗ ಆ ಹುಡುಗಿ ಪಟ್ಟಿಯನ್ನು ಕೈಯಿಂದ ಇಸಿದುಕೊಂಡು, ಬೆರಳಿಟ್ಟು ತಡವರಿಸಿ ಓದಿ, "ಅಜ್ಜೀ, ಇದರ ತಾರೀಕು ಮುಗಿದು ನಾಲ್ಕು ತಿಂಗಳಾಯ್ತು!" ಎಂದು ಕಿರುಚಿದಳು. ಅಜ್ಜಿ ಔಷಧಿ ಅಂಗಡಿಗೆ ಹೋಗಿ ಜಗಳವಾಡಿ ಹೊಸ ಮಾತ್ರೆ ತಂದಳು. ಮರುದಿನ ಆ ಹುಡುಗಿಯ ತಟ್ಟೆಗೆ ಎರಡನೆಯ ಮೊಟ್ಟೆ ಬಿತ್ತು.

ಎಡವಟ್ಟು ಶುರುವಾದದ್ದು ಮೂರನೆಯ ತಿಂಗಳಲ್ಲಿ. ಮಕ್ಕಳೆಲ್ಲ ಸೊಸೆಯನ್ನು ಅಕ್ಕ ಎನ್ನುತ್ತಿದ್ದರು. ಕಟಿಂಗ್ ಶಾಪಿನವನ ಹೆಂಡತಿ ಒಂದು ಸಂಜೆ ಬಾಗಿಲಲ್ಲೇ ನಿಂತು ಹೇಳಿದಳು: "ತಪ್ಪು ತಿಳ್ಕೋಬೇಡಿ. ನಮ್ಮ ಮಕ್ಕಳು ಅಕ್ಕ ಅಕ್ಕ ಅಂತ ಹತ್ತು ಸಲ ಕೂಗಬೇಕು. ನಿಮ್ಮ ಮಗಳು ಅಮ್ಮ ಅಂದ್ರೆ ಒಂದೇ ಸಲಕ್ಕೆ ತಿರುಗ್ತೀರಂತೆ."

ಸೊಸೆಗೆ ಮಾತು ನಾಟಿತು. ಒಬ್ಬರನ್ನು ಮುಂದೆ ಒಬ್ಬರನ್ನು ಹಿಂದೆ ಮಾಡುವ ಶಾಲೆಯಿಂದಲೇ ಓಡಿಬಂದವರಲ್ಲವೇ ಇವರು! ಆವತ್ತು ಊಟಕ್ಕೆ ಕೂತಾಗ ಹೊಸ ನಿಯಮ ಹೊರಬಿತ್ತು.

"ನಾಳೆಯಿಂದ ಒಂಬತ್ತರಿಂದ ಮೂರೂವರೆವರೆಗೆ ನೀನೂ ನನ್ನನ್ನ ಅಕ್ಕ ಅಂತಾನೇ ಕರೀಬೇಕು ಪುಟ್ಟಾ. ಎಲ್ಲರಿಗೂ ಒಂದೇ ನ್ಯಾಯ."

"ಅಪ್ಪನ್ನ?" ಎಂದಿತು ಪಿಟೀಲು.

"ಶನಿವಾರ ಪಾಠಕ್ಕೆ ಬಂದಾಗ ಅಣ್ಣ."

ಅಜ್ಜಿ ತುತ್ತನ್ನು ತಟ್ಟೆಗೇ ಇಳಿಸಿದಳು. "ಹೆತ್ತವಳು ಅಕ್ಕ, ಹುಟ್ಟಿಸಿದವನು ಅಣ್ಣ. ನಾನೇನು, ದೊಡ್ಡಕ್ಕನಾ?"

ಪಿಟೀಲು ಬಿದ್ದುಬಿದ್ದು ನಕ್ಕಿತು. ಮಗನೂ ನಕ್ಕ. "ಅಮ್ಮಾ, ಮೂರೂವರೆ ಆದ ಮೇಲೆ ಮತ್ತೆ ಅಮ್ಮ ತಾನೇ," ಎಂದ.

ಹಾಗೆಂದುಕೊಂಡದ್ದೇ ತಪ್ಪಾಯಿತು. ಮೂರೂವರೆಗೆ ಮಕ್ಕಳನ್ನು ಕರೆದೊಯ್ಯಲು ಬಂದ ತಾಯಂದಿರು ಒಂದು ಗಳಿಗೆ ಎಂದು ಕೂತು ಐದೂವರೆಗೆ ಏಳುತ್ತಿದ್ದರು. ಒಬ್ಬಳಿಗೆ ಮಗ ಬರೆಯುವುದಿಲ್ಲ ಎಂಬ ಚಿಂತೆ, ಇನ್ನೊಬ್ಬಳಿಗೆ ಬರೆದದ್ದು ಸಾಲದೆಂಬ ಚಿಂತೆ. ಅವರು ಎದ್ದ ಮೇಲೆ ನಾಳೆಯ ಪಾಠಕ್ಕೆ ಕಾಗದ ಕತ್ತರಿಸಬೇಕು, ಬಣ್ಣ ಕಲಸಬೇಕು. ಪಿಟೀಲಿನ ಮಂಚ ಓದುವ ಮೂಲೆಯಾಯಿತು. ಪಿಟೀಲಿನ ಬೊಂಬೆ ಎಲ್ಲರ ಬೊಂಬೆಯಾಗಿ, ಒಂದು ತೋಳು ಕಳೆದುಕೊಂಡಿತು. ಭೇದ ಮಾಡಬಾರದೆಂದು ಹೊರಟ ಸೊಸೆ, ಮಗಳನ್ನು ಎಲ್ಲದರಲ್ಲೂ ಕೊನೆಗೆ ನಿಲ್ಲಿಸತೊಡಗಿದಳು. ಜೋಕಾಲಿಗೆ ಕೊನೆ, ಕಥೆ ಹೇಳುವುದಕ್ಕೆ ಕೊನೆ, ಊಟದ ಸಾಲಿನಲ್ಲೂ ಕೊನೆ.

ಸೌಟು ಹಿಡಿದು ನಿಲ್ಲುತ್ತಿದ್ದ ಅಜ್ಜಿಗೆ ಅದು ದಿನಾ ಕಾಣುತ್ತಿತ್ತು. "ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಈ ಮನೇಲಿ ಹೆಗ್ಗಣ ಸಾಲಿನ ತುದೀಲಿ ನಿಲ್ಲಬೇಕು," ಎಂದಳು ಒಂದು ದಿನ.

"ನನ್ನ ಮಗಳು ಅಂತ ಮುಂದೆ ನಿಲ್ಲಿಸಿದ್ರೆ ಜನ ಏನಂತಾರೆ ಅತ್ತೆ?"

"ನಮ್ಮ ಕಾರ್ಖಾನೇಲಿ ಒಳ್ಳೆ ಬಿಸ್ಕತ್ತೆಲ್ಲ ಡಬ್ಬಿಗೆ ಹೋಗ್ತಿತ್ತು. ಮುರಿದದ್ದನ್ನ ನಾವು ಸೆರಗಿಗೆ ಕಟ್ಕೊಂಡು ಮನೆಗೆ ತರ್ತಿದ್ವಿ. ನಿನ್ನ ಗಂಡ ಅದನ್ನ ತಿಂದೇ ಬೆಳೆದವನು. ನನಗೆ ಬೇರೆ ದಾರಿ ಇರಲಿಲ್ಲ ಕಣಮ್ಮ. ನಿನಗಿದೆ."

ಯಾರೋ "ಅಕ್ಕಾ" ಎಂದು ಕೂಗಿದರು, ಸೊಸೆ ಹೋದಳು.

ಅಜ್ಜಿ ಇನ್ನೊಂದನ್ನು ಗಮನಿಸಿದ್ದಳು, ಯಾರಿಗೂ ಹೇಳಿರಲಿಲ್ಲ. ಮೂರೂವರೆಗೆ ಮಕ್ಕಳು ಬ್ಯಾಗು ಹಾಕಿಕೊಂಡು ಹೊರಟರೆ, ಪಿಟೀಲೂ ತನ್ನ ಬ್ಯಾಗು ಹಾಕಿಕೊಂಡು ಅವರ ಜೊತೆ ಹೊರಡುತ್ತಿತ್ತು. ಬೀದಿಯ ತುದಿಯವರೆಗೆ ಹೋಗಿ, ಹಿಂದಿನ ಓಣಿ ಬಳಸಿ, ಅಡುಗೆಮನೆಯ ಬಾಗಿಲು ತಟ್ಟುತ್ತಿತ್ತು.

"ಯಾರದು?"

"ನಾನು ಅಜ್ಜೀ. ಶಾಲೆಯಿಂದ ಬಂದೆ."

ಅಜ್ಜಿ ಬಾಗಿಲು ತೆಗೆದು, "ಬಾಮ್ಮಾ, ಬಾ, ಬಿಸಿಲಲ್ಲಿ ಬಂದೆ" ಎಂದು ಬ್ಯಾಗು ಇಳಿಸಿಕೊಂಡು ಹಾಲು ಕೊಡುತ್ತಿದ್ದಳು. ಹಾಲು ಕುಡಿದು ಪಿಟೀಲು ಮುಂದಿನ ಕೋಣೆಗೆ ಇಣುಕಿ ನೋಡುತ್ತಿತ್ತು. ಅಲ್ಲಿ ಅಕ್ಕ ಇನ್ನೂ ಅಕ್ಕನಾಗಿಯೇ ಕೂತಿರುತ್ತಿದ್ದಳು. ಮಗು ವಾಪಸು ಬಂದು ಅಡುಗೆಮನೆಯ ಮೆಟ್ಟಿಲ ಮೇಲೆ ಕುಳಿತುಕೊಳ್ಳುತ್ತಿತ್ತು. ಅಜ್ಜಿ ಮಾತ್ರ ಇದು ಮಕ್ಕಳಾಟ, ನಾಲ್ಕು ದಿನಕ್ಕೆ ಸರಿಹೋಗುತ್ತದೆ ಎಂದು ಸುಮ್ಮನಿದ್ದಳು.

ಒಂದು ಶುಕ್ರವಾರ ಮಕ್ಕಳು ಹಿತ್ತಿಲ ನೀರಿನ ತೊಟ್ಟಿಯ ಎತ್ತರ ಅಳೆಯುತ್ತಿದ್ದರು. ಆವತ್ತು ಮಧ್ಯಾಹ್ನ ಪಿಟೀಲು ಎಡಗೈಯಲ್ಲಿ ಚಮಚ ಹಿಡಿದು ಊಟ ಮಾಡಿದ್ದನ್ನು ಅಜ್ಜಿ ನೋಡಿದಳು. ಇದೂ ಏನೋ ಪಾಠ ಇರಬೇಕು ಅಂದುಕೊಂಡಳು. ಹಿಂದಿನ ವಾರವಷ್ಟೇ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಉಂಡಿದ್ದರು. ಈ ಮನೆಯಲ್ಲಿ ಯಾವುದು ಪಾಠ, ಯಾವುದು ಅಲ್ಲ ಎಂದು ಯಾರಿಗೆ ಗೊತ್ತು?

ಮೂರೂವರೆ ದಾಟಿ ಹತ್ತು ನಿಮಿಷಕ್ಕೆ ಹಿಂದಿನ ಬಾಗಿಲಲ್ಲಿ ಸದ್ದಾಯಿತು. ಪಿಟೀಲಿನ ಬ್ಯಾಗು ಎಡಗೈಯಲ್ಲಿ ನೇತಾಡುತ್ತಿತ್ತು. ಮುಖ ಬಿಳಿಚಿಕೊಂಡಿತ್ತು.

"ಅಜ್ಜೀ, ಶಾಲೆಯಿಂದ ಬಂದೆ," ಎಂದಿತು. ಆಮೇಲೆ, "ಅಜ್ಜೀ, ನನ್ನ ಕೈ ಮುರಿದಿದೆ ಅನ್ಸತ್ತೆ," ಎಂದು ಬಲಗೈ ಮುಂದೆ ಚಾಚಿತು. ಮಣಿಕಟ್ಟು ಊದಿ ಎರಡರಷ್ಟಾಗಿತ್ತು.

ಅಜ್ಜಿಯ ಕೂಗಿಗೆ ಮುಂದಿನ ಕೋಣೆಯ ತಾಯಂದಿರೆಲ್ಲ ಎದ್ದುನಿಂತರು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡಿದ ಡಾಕ್ಟರು "ಯಾವಾಗ ಬಿದ್ದದ್ದು?" ಎಂದು ಕೇಳಿದರು. "ಹನ್ನೊಂದೂವರೆಗೆ, ತೊಟ್ಟಿ ಮೇಲಿಂದ," ಎಂದಿತು ಪಿಟೀಲು. ಗಡಿಯಾರ ನೋಡಲು ಹೋದ ತಿಂಗಳಷ್ಟೇ ಕಲಿತಿತ್ತು. ಡಾಕ್ಟರು ಗೋಡೆಯ ಗಡಿಯಾರ ನೋಡಿದರು, ಐದಾಗಿತ್ತು. ಆಮೇಲೆ ಸೊಸೆಯನ್ನು ನೋಡಿದರು. ಅದೇ ಆಸ್ಪತ್ರೆಯಲ್ಲಿ ಎಂಟು ವರ್ಷ ದುಡಿದವಳು, ಊರಿನ ಮಕ್ಕಳ ಅಳು ನಿಲ್ಲಿಸಿ ಸೂಜಿ ಚುಚ್ಚಿದವಳು, ಆ ನೋಟಕ್ಕೆ ತಲೆ ತಗ್ಗಿಸಿದಳು.

ಪ್ಲಾಸ್ಟರು ಒಣಗುವವರೆಗೆ ಬೆಂಚಿನ ಮೇಲೆ ಕೂತಿದ್ದಾಗ ಸೊಸೆ ಕೇಳಿದಳು: "ಯಾಕಮ್ಮಾ ನನಗೆ ಹೇಳ್ಲಿಲ್ಲ?"

"ಹೇಳಿದೆ. ಅವಳಿಗಳು ಜಗಳ ಆಡ್ತಿದ್ರಲ್ಲ, ನೀವು ಬಿಡಿಸ್ತಿದ್ರಿ. ಸ್ವಲ್ಪ ಇರು, ನಿನ್ನ ಸರದಿ ಬರಲಿ ಅಂದ್ರಿ."

ದೂರೇನೂ ಇರಲಿಲ್ಲ ಆ ದನಿಯಲ್ಲಿ, ನಡೆದದ್ದನ್ನು ನಡೆದ ಹಾಗೆ ಹೇಳಿತು. ಐದು ಗಂಟೆಯಾದರೂ ಮಗು ತಾಯಿಗೆ ಶಾಲೆಯಲ್ಲಿದ್ದ ಹಾಗೆ ನೀವು ಎನ್ನುತ್ತಿತ್ತು. ಸೊಸೆ ಎದ್ದು ನೀರು ಕುಡಿಯುವ ನೆಪದಲ್ಲಿ ಆಚೆ ಹೋದಳು. ಎಡಗೈಯ ಚಮಚ ಅಜ್ಜಿಯ ಕಣ್ಣೆದುರೇ ಇತ್ತು.

ಭಾನುವಾರ ಬೆಳಿಗ್ಗೆ ಅಡುಗೆಮನೆಯ ನೆಲದ ಮೇಲೆ ಎಲ್ಲರೂ ಬಟಾಣಿ ಸುಲಿಯುತ್ತ ಕೂತಿದ್ದರು. ಪಿಟೀಲು ಒಂದೇ ಕೈಯಲ್ಲಿ ಕಾಯಿ ಒತ್ತುತ್ತ ಕೇಳಿತು, "ನನ್ನನ್ನ ಬೇರೆ ಶಾಲೆಗೆ ಸೇರಿಸ್ತೀರಾ?"

"ಬೇರೆ ಶಾಲೆಗಾ?" ಮಗನ ಕೈ ನಿಂತಿತು. "ಅಲ್ಲಿ ಹೊರಗೆ ನಿಲ್ಲಿಸಿದ್ದು ಮರೆತುಹೋಯ್ತಾ?"

"ಆ ಶಾಲೆ ಬೇಡ. ನಾಲ್ಕು ಬೀದಿ ಆಚೆ ಸರ್ಕಾರಿ ಶಾಲೆ ಇದೆಯಲ್ಲ, ಅದು."

"ಇಲ್ಲಿ ಏನು ಕಮ್ಮಿಯಾಗಿದೆ ಪುಟ್ಟಾ?" ಎಂದಳು ಸೊಸೆ.

ಪಿಟೀಲು ಒಂದು ಬಟಾಣಿ ಬಾಯಿಗೆ ಹಾಕಿಕೊಂಡಿತು. "ಆ ದೊಡ್ಡ ಶಾಲೆ ಕೆಟ್ಟದು. ಆದ್ರೆ ಸಂಜೆ ಬಿಡ್ತಿತ್ತು. ಇದು ಬಿಡೋದೇ ಇಲ್ಲ."

ಸೊಸೆ ಮಡಿಲಲ್ಲಿದ್ದ ಸಿಪ್ಪೆಯನ್ನೆಲ್ಲ ಕೊಡವಿ ಎದ್ದಳು. "ಮುಚ್ಚಿಬಿಡೋಣ. ನಾಳೇನೇ ಎಲ್ಲರಿಗೂ ಹೇಳ್ತೀನಿ. ಆಸ್ಪತ್ರೇಲಿ ಮತ್ತೆ ಕೆಲಸ ಕೇಳ್ತೀನಿ."

"ಅದೇ ಸರಿ," ಎಂದ ಮಗ. "ಇವಳಿಗೋಸ್ಕರ ತೆರೆದದ್ದು. ಇವಳಿಗೇ ಬೇಡ ಅಂದ ಮೇಲೆ ಯಾರಿಗೋಸ್ಕರ?"

"ಏನಂದೆ?" ಅಜ್ಜಿ ಸುಲಿದ ಬಟಾಣಿಯ ಬಟ್ಟಲನ್ನು ನೆಲಕ್ಕೆ ಕುಕ್ಕಿದಳು. "ಯಾರಿಗೋಸ್ಕರ ಅಂತ ನನ್ನ ಮಾತ್ರೆ ಪಟ್ಟಿ ಓದಿದ ಹುಡುಗಿನ ಕೇಳು. ಅವಳನ್ನ ಮತ್ತೆ ಯಾವ ಕೊನೇ ಬೆಂಚಿಗೆ ಕಳಿಸ್ತೀಯೋ?"

"ಅಮ್ಮಾ, ಮೊದಲ ದಿನದಿಂದ ಬೇಡ ಅಂದವಳು ನೀನು!"

"ಬೇಡ ಅಂದೆ. ಆಗ ನಮ್ಮ ಮನೇಲಿ ಶಾಲೆ ಇರಲಿಲ್ಲ, ಈಗಿದೆ. ಹತ್ತು ಮನೆ ಮಕ್ಕಳನ್ನ ಒಳಗೆ ಕರ್ಕೊಂಡು, ನಮ್ಮ ಕೂಸು ಅತ್ತಿತು ಅಂತ ಬಾಗಿಲು ಹಾಕೋದಾ? ನಿಮ್ಮ ಆತುರಕ್ಕೆ ತೆರೀತೀರಿ, ನಿಮ್ಮ ಅಳುವಿಗೆ ಮುಚ್ತೀರಿ. ಆ ಮಕ್ಕಳೇನು ಲಿಫ್ಟಾ, ಗುಂಡಿ ಒತ್ತಿದ ಹಾಗೆ ಹತ್ತಿ ಇಳಿಯೋಕೆ?"

"ಹಾಗಾದ್ರೆ ನನ್ನ ಮಗಳು?" ಎಂದಳು ಸೊಸೆ. ಈಗ ಅವಳು ಬಾಯಿಬಿಟ್ಟೇ ಅಳುತ್ತಿದ್ದಳು. "ಊರಿಗೆ ಉಪಕಾರಿ ಮನೆಗೆ ಮಾರಿ ಆಗಿ ಹೋದೆನಲ್ಲ ಅತ್ತೆ!"

ಉತ್ತರ ಹೊಳೆದದ್ದು ಪಿಟೀಲಿಗೆ. "ಮುಚ್ಚಬೇಡಿ," ಎಂದಿತು. "ಶಾಲೆ ಚೆನ್ನಾಗಿದೆ. ಎಲ್ಲರಿಗೂ ಇಷ್ಟ. ನನಗೊಬ್ಬಳಿಗೆ ಬೇಡ ಅಷ್ಟೆ."

ಅದನ್ನು ಪಾಲಕರಿಗೆ ಹೇಳುವುದು ಬಿಸಿ ತುಪ್ಪವಾಯಿತು, ಉಗುಳುವ ಹಾಗೂ ಇಲ್ಲ, ನುಂಗುವ ಹಾಗೂ ಇಲ್ಲ. ಮುಂದಿನ ಶನಿವಾರ ಸಂಜೆ ಎಲ್ಲರನ್ನೂ ಚಾಪೆಗಳ ಮೇಲೆ ಕೂರಿಸಿ ಸೊಸೆ ಮುಚ್ಚುಮರೆಯಿಲ್ಲದೆ ಹೇಳಿದಳು: ಮಗಳು ಸರ್ಕಾರಿ ಶಾಲೆಗೆ ಹೋಗುತ್ತಾಳೆ, ಈ ಶಾಲೆ ನಡೆಯುತ್ತದೆ, ಮೂರೂವರೆಗೆ ಬಾಗಿಲು ಹಾಕುತ್ತದೆ.

"ಇದೇನ್ರೀ ಇದು," ಎಂದಳು ಕಟಿಂಗ್ ಶಾಪಿನವನ ಹೆಂಡತಿ. "ಅಡುಗೆ ಮಾಡಿದವರೇ ಉಣ್ಣದಿದ್ದರೆ ಬಡಿಸಿಕೊಂಡೋರು ಏನಂದ್ಕೋಬೇಕು?"

ನಾಲ್ಕಾರು ತಲೆಗಳು ಹೌದು ಹೌದು ಎಂದವು. ಹಾಲಿನ ಅಂಗಡಿಯವರು ಎದ್ದೇಬಿಟ್ಟರು, ಸೋಮವಾರದಿಂದ ಅವಳಿಗಳು ಬರುವುದಿಲ್ಲ ಎಂದರು. ಸೊಸೆ ತಡೆಯಲಿಲ್ಲ. ಬಾಗಿಲಿಗೊರಗಿ ನಿಂತಿದ್ದ ಕಟಿಂಗ್ ಶಾಪಿನವನು ಅಷ್ಟು ಹೊತ್ತು ಬಾಯಿ ಬಿಟ್ಟಿರಲಿಲ್ಲ. ಈಗ ಹೆಂಡತಿಯ ಕಡೆ ನೋಡಿ, "ಲೇ, ಹದಿನೆಂಟು ವರ್ಷದಿಂದ ಊರವರ ತಲೆಯೆಲ್ಲ ಮಾಡ್ತಿದ್ದೀನಿ," ಎಂದ. "ನನ್ನ ತಲೆ ಯಾರು ಮಾಡೋದು?"

"ಬಸ್ ಸ್ಟ್ಯಾಂಡ್ ಹತ್ತಿರದವನು."

"ಹಾಗಂತ ನನ್ನ ಅಂಗಡಿಗೆ ಬರೋದು ಬಿಟ್ಟಿದ್ದಾರಾ ಜನ?"

ಕೋಣೆ ನಕ್ಕಿತು. ಅವನ ಹೆಂಡತಿಯೂ ಮುಖ ತಿರುಗಿಸಿ ನಕ್ಕಳು. ಹನ್ನೊಂದರಲ್ಲಿ ಎಂಟು ಮಕ್ಕಳು ಉಳಿದುಕೊಂಡರು.

ಪಿಟೀಲು ಪ್ಲಾಸ್ಟರಿನ ಕೈಯಲ್ಲೇ ಹೊಸ ಶಾಲೆಗೆ ಹೋಯಿತು. ಮೊದಲ ದಿನ ಅಪ್ಪ ಬಿಟ್ಟುಬಂದ. ಅಂದು ಸೊಸೆ ಮೂರೂವರೆಗೆ ಸರಿಯಾಗಿ ಮಕ್ಕಳನ್ನು ಕಳಿಸಿ, ಮುಂಬಾಗಿಲ ಚಿಲಕ ಹಾಕಿ, ಅಡುಗೆಮನೆಗೆ ಬಂದು ಕೂತಳು. ಹಾಲು ಕಾಯಿಸಿದಳು. ಆರಿತೆಂದು ಮತ್ತೆ ಕಾಯಿಸಿದಳು. ಅಜ್ಜಿ ಎರಡು ಸಲ ಬಾಗಿಲಿಗೆ ಹೋಗಿ ಬಂದಳು.

ನಾಲ್ಕೂಕಾಲಿಗೆ ಪಿಟೀಲು ಬಂದಿತು. ಬ್ಯಾಗನ್ನು ಒಂದು ಮೂಲೆಗೆ, ಚಪ್ಪಲಿಯನ್ನು ಎರಡು ಮೂಲೆಗೆ ಎಸೆದು, "ನಾಳೆಯಿಂದ ನಾನು ಹೋಗಲ್ಲ," ಎಂದಿತು.

ಅಜ್ಜಿ ಹತ್ತಿರ ಬಂದಳು. "ಯಾಕೆ? ಹೊರಗೆ ನಿಲ್ಲಿಸಿದ್ರಾ?"

"ಇಲ್ಲ. ಆ ಟೀಚರ್ ಸರಿ ಇಲ್ಲ. ಎಡಗೈಲಿ ಬರೆದ್ರೆ ಕೋಳಿ ಕೆರೆದ ಹಾಗಿದೆ ಅಂದ್ರು. ಎಲ್ಲರೂ ನಕ್ಕರು."

ಸೊಸೆ ಹಾಲಿನ ಲೋಟ ಮುಂದಿಟ್ಟು, ಮೆಲ್ಲಗೆ ಮುಂದಿನ ಕೋಣೆಯ ಅಕ್ಕನ ದನಿಯಲ್ಲೇ ಶುರುಮಾಡಿದಳು. "ನೋಡು ಪುಟ್ಟಾ, ಅವರಿಗೂ ನಲವತ್ತು ಮಕ್ಕಳಿರ್ತಾರೆ. ಅವರ ಕಷ್ಟಾನೂ ನಾವು..."

"ಅಮ್ಮಾ!" ಪಿಟೀಲು ಕಾಲು ನೆಲಕ್ಕೆ ಒದೆಯಿತು. "ನೀನು ಅವರ ಕಡೆ ಮಾತಾಡಬೇಡ! ಅವರ ಕಡೆ ಅವರಿದ್ದಾರೆ. ನೀನು ನನ್ನ ಕಡೆ!"

ಸೊಸೆ ಮಗಳನ್ನು ಎಳೆದು ಮಡಿಲಲ್ಲಿ ಕೂರಿಸಿಕೊಂಡು, "ಕೋಳಿ ಕೆರೆದ ಹಾಗಾ? ನನ್ನ ಮಗಳ ಅಕ್ಷರಕ್ಕೆ ಹಾಗಂದಳಾ?" ಎಂದಳು. "ಅವಳ ಅಕ್ಷರ ಹೇಗಿದೆಯಂತೆ?"

"ಎಮ್ಮೆ ತುಳಿದ ಹಾಗೆ."

"ಮತ್ತೆ ಇನ್ನೇನಂದಳು? ಒಂದೂ ಬಿಡದೆ ಹೇಳು."

ಪಿಟೀಲು ಬೆಳಗಿನ ಹಾಜರಿಯಿಂದ ಶುರುಮಾಡಿತು. ಟೀಚರ್ ಸೀನಿದ್ದು, ಸುಣ್ಣದಕಡ್ಡಿ ಎಸೆದದ್ದು, ಪಕ್ಕದ ಹುಡುಗಿ ತನ್ನ ಬ್ಯಾಗಿನ ಮೇಲೆ ಕಾಲಿಟ್ಟದ್ದು, ಯಾವುದನ್ನೂ ಬಿಡಲಿಲ್ಲ. ತಾಯಿ ಪ್ರತಿಯೊಂದಕ್ಕೂ "ಅಯ್ಯೋ" ಎಂದಳು, "ಎಷ್ಟು ಕೊಬ್ಬು ಅವಳಿಗೆ" ಎಂದಳು. ಪಾಪ, ಮುಖವನ್ನೇ ನೋಡದ ಆ ಟೀಚರಮ್ಮ ಎಲ್ಲೋ ತನ್ನ ಮನೆಯಲ್ಲಿ ಬಿಕ್ಕಳಿಸುತ್ತ ನೀರು ಕುಡಿಯುತ್ತಿದ್ದಿರಬೇಕು. ಅಜ್ಜಿ ಒಲೆಯ ಮುಂದೆ ತಿರುಗಿ ನಿಂತು ಸೆರಗಿನಿಂದ ಮೂಗು ಒರೆಸಿಕೊಂಡಳು.

ಅಷ್ಟರಲ್ಲಿ ಮುಂಬಾಗಿಲು ತಟ್ಟಿದ ಸದ್ದಾಯಿತು. ಸೊಸೆ ಅಭ್ಯಾಸಬಲದಿಂದ ಏಳಲು ನೋಡಿದಳು. ಅಜ್ಜಿ ಅವಳ ಭುಜ ಒತ್ತಿ ಕೂರಿಸಿ ತಾನೇ ಹೋಗಿ, ಬಾಗಿಲನ್ನು ಒಂದು ಗೇಣು ತೆರೆದಳು. ಹೊರಗೆ ನರ್ಸಮ್ಮ ನಿಂತಿದ್ದಳು.

"ಅಕ್ಕ ಇದ್ದಾರಾ? ಎರಡೇ ಮಾತು, ನಮ್ಮ ಹುಡುಗನ ಓದಿನ ವಿಷಯ..."

"ಅಕ್ಕ ಮೂರೂವರೆಗೇ ಹೊರಟುಹೋದಳು," ಎಂದಳು ಅಜ್ಜಿ. "ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಬರ್ತಾಳೆ, ಆಗ ಬಾಮ್ಮಾ," ಎಂದು ಬಾಗಿಲು ಹಾಕಿಕೊಂಡಳು.